ನಡುಹೊಳೆಯಲ್ಲಿ ಅಜ್ಜಿಯ ಜೋಗುಳ

ಆಗ ಅಜ್ಜಿಯ ಊರಾದ ಹಲವಾಗಲಿನಿಂದ ಹೊಳೆಯ ಆಚೆ ದಡಕ್ಕೆ ಹೋಗಬೇಕೆಂದರೆ ದುರುಗಪ್ಪ ಕಾಕನ ದೋಣಿಯೇ ಗತಿ. ಬಸ್ಸಿನಲ್ಲಿ ಸುತ್ತಿಕೊಂಡು ಹೋದರೆ ಅರ್ಧ ದಿನ ಬೇಕು. ದೋಣಿಯಲ್ಲಾದರೆ ಎಲೆಯಡಿಕೆ ಹಾಕಿಕೊಂಡವರು ಇನ್ನೂ ಅಗಿಯುತ್ತಿರುವಾಗಲೇ ದಡ ಬಂದಿರುತ್ತಿತ್ತು. ನಾನು ಐದನೇ ಕ್ಲಾಸು, ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದೆ.

ಆ ವರ್ಷ ಅವ್ವನ ತಂಗಿ ಸುಮಿತ್ರ ಚಿಗವ್ವ ಬಾಣಂತನಕ್ಕೆ ಬಂದಿದ್ದಳು. ಅವಳ ಕೋಣೆಯಲ್ಲಿ ಸದಾ ಲೋಬಾನದ ಹೊಗೆ, ಬೆಳ್ಳುಳ್ಳಿಯ ಘಾಟು. ನಾನು ಮತ್ತೆ ಮತ್ತೆ ಒಳಗೆ ಹೋಗುವುದು ಕೂಸಿನ ಮೇಲಿನ ಪ್ರೀತಿಗೆ ಎಂದು ಎಲ್ಲರೂ ತಿಳಿದಿದ್ದರು. ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ಡಬ್ಬಿ ಅಲ್ಲೇ ಇತ್ತು, ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಕೂಸು ಮಹಾ ಹಟದ್ದು. ಅಜ್ಜಿಯ ಜೋಗುಳ ಕೇಳದೆ ಕಣ್ಣು ಮುಚ್ಚುತ್ತಿರಲಿಲ್ಲ. ಅಜ್ಜಿಯದೂ ಒಂದು ಪದ್ಧತಿ. ಒಂದು ನುಡಿ ಹಾಡುವಳು, ಆಮೇಲೆ ಅದೇ ರಾಗದಲ್ಲಿ, ತೊಟ್ಟಿಲು ತೂಗುತ್ತಲೇ, ಅವತ್ತಿನ ಸಿಟ್ಟನ್ನೆಲ್ಲ ಕೂಸಿಗೆ ಹೇಳುವಳು. ಮತ್ತೆ ಇನ್ನೊಂದು ನುಡಿ. ಕೂಸಿಗೆ ಎರಡೂ ಒಂದೇ, ಸುಖವಾಗಿ ಮಲಗುತ್ತಿತ್ತು.

ಐದನೇ ತಿಂಗಳಲ್ಲಿ ಗಂಡನ ಮನೆಗೆ ಹೊರಡುವ ದಿನ ಹತ್ತಿರ ಬಂದಂತೆ ಚಿಗವ್ವನಿಗೆ ಚಿಂತೆ ಹತ್ತಿತು.

“ಅಲ್ಲಿ ಹೋದಮ್ಯಾಲೆ ಈಕಿ ಅಜ್ಜಿ ದನಿ ಹುಡುಕ್ತಾಳ. ಏನ್ ಮಾಡ್ಲಿ?”

ಮದುವೆಯಲ್ಲಿ ಅವಳಿಗೆ ಉಡುಗೊರೆ ಬಂದಿದ್ದ ಟೇಪ್ ರೆಕಾರ್ಡರ್ ಮನೆಯಲ್ಲೇ ಇತ್ತು. ಅಜ್ಜಿಯ ದನಿಯನ್ನು ಅದರಲ್ಲಿ ಹಿಡಿದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಆದರೆ ಆ ಹಾಡಿನ ಡಬ್ಬಿಯ ಮುಂದೆ ಕೂತು ಹಾಡಲು ಅಜ್ಜಿ ಒಪ್ಪಲಿಲ್ಲ. ಕಡೆಗೆ ತೊಟ್ಟಿಲ ಕೆಳಗೆ ಅದನ್ನಿಟ್ಟು, ಮೇಲೆ ಹಳೆ ಸೀರೆ ಹೊದಿಸಿ, ಕೆಂಪು ಗುಂಡಿ ಒತ್ತಿ ನಾನು ಹೊರಗೋಡಿದೆ.

ಕೇಳಿ ನೋಡಿದರೆ ಜೋಗುಳದ ಜೊತೆಗೆ ಬೈಗುಳವೂ ಬಂದಿತ್ತು. ಹಿಂದಿನ ದಿನವಷ್ಟೇ ಬೀಗತಿ, ಅಂದರೆ ಚಿಗವ್ವನ ಅತ್ತೆ, ಸೊಸೆಯನ್ನು ಕರೆದೊಯ್ಯಲು ಬಂದಿಳಿದಿದ್ದಳು. ಅಜ್ಜಿಯ ಸಿಟ್ಟೆಲ್ಲ ಅವಳ ಮೇಲೆಯೇ. ಚಿಗವ್ವ ಬಿಳಿಚಿಕೊಂಡಳು.

“ಅತ್ತಿ ಕೇಳಿದ್ರ ನನ್ ಬಾಳೇ ಮುಗೀತು. ಮಾತು ಬಂದಲ್ಲೆಲ್ಲಾ ಅಳಿಸಿಬಿಡು. ಹಾಡಷ್ಟೇ ಉಳೀಲಿ. ತಿಳೀತಾ?”

“ಹೂಂ ಚಿಗವ್ವ.”

ಅಷ್ಟರಲ್ಲಿ ಓಣಿಯ ಹುಡುಗಿಯರು ಕುಂಟಾಟಕ್ಕೆ ಕರೆದರು. ಬಂದಮೇಲೆ “ಅಳಿಸಿದೇನ?” ಎಂದು ಚಿಗವ್ವ ಕೇಳಿದಾಗ, ಅಳಿಸಿದೆ ಅಂದುಬಿಟ್ಟೆ. ಸಂಜೆ ಅಳಿಸಿದರಾಯಿತು ಅಂತಿದ್ದೆ. ಸಂಜೆ ಮರೆತೆ.

ಮರುದಿನ ದೋಣಿ ಹತ್ತಿದೆವು. ತೊಟ್ಟಿಲು, ಬುತ್ತಿ, ಚಿಗವ್ವ, ಕೂಸನ್ನೆತ್ತಿಕೊಂಡ ಬೀಗತಿ, ಕಳಿಸಿ ಬರಲೆಂದು ನಾನು. ಟೇಪ್ ರೆಕಾರ್ಡರ್ ನನ್ನ ತೊಡೆಯ ಮೇಲೆ. ದಡ ಬಿಟ್ಟದ್ದೇ ತಡ ಕೂಸು ಅಳತೊಡಗಿತು.

“ಹಚ್ಚು” ಎಂದಳು ಚಿಗವ್ವ, ಧೈರ್ಯವಾಗಿ.

ಅಜ್ಜಿಯ ದನಿ ಹೊಳೆಯ ಮೇಲೆ ಹರಿಯಿತು. ಕೂಸು ಗಪ್ಪಾಯಿತು. ಬೀಗತಿಗೂ ಖುಷಿ. “ಭಾರಿ ಹಾಡ್ಯಾಳ ಬಿಡು ಬೀಗ್ತಿ” ಅಂದಳು. ಆಗ ನನಗೆ ನೆನಪಾಯಿತು. ಮೊದಲ ನುಡಿ ಮುಗಿಯುವ ಮುಂಚೆಯೇ ಗುಂಡಿ ಒತ್ತಿ ನಿಲ್ಲಿಸಿದೆ. ಕೂಸು ಕಿರುಚಿಕೊಂಡಿತು.

ಅಷ್ಟರಲ್ಲಿ ನಡುಹೊಳೆ ಬಂದಿತ್ತು. ಅಲ್ಲಿ ನೀರಿನಡಿ ಬಂಡೆಗಳು. ಬಂಡೆ ಎಲ್ಲಿದೆ ಎಂಬುದನ್ನು ದುರುಗಪ್ಪ ಕಾಕ ಕಣ್ಣಿನಿಂದಲ್ಲ, ನೀರಿನ ಸಪ್ಪಳ ಕೇಳಿ ತಿಳಿಯುತ್ತಿದ್ದ. ಅದಕ್ಕೇ ಅಲ್ಲಿ ಯಾರೂ ಮಾತಾಡಬಾರದು. ಗೌಡರೇ ಕೂತಿದ್ದರೂ ಬಾಯಿ ಮುಚ್ಚಬೇಕು. ಬಂಡೆ ದಾಟಿ ಅವನು ಕೆಮ್ಮಿದ ಮೇಲೆಯೇ ಮಾತು.

“ಹಾಡು ಹಚ್ಚವಾ, ಸಣ್ಣಗ” ಎಂದ ಕಾಕ. “ಕೂಸು ಅತ್ತರ ನನಗ ನೀರು ಕೇಳಂಗಿಲ್ಲ. ಇನ್ನ ಯಾರೂ ಪಿಟ್ ಅನಬ್ಯಾಡ್ರಿ.”

ಮಾತಿನ ಭಾಗ ದಾಟಿಸೋಣವೆಂದು ಟೇಪನ್ನು ಒಂದಿಷ್ಟು ಮುಂದಕ್ಕೋಡಿಸಿ ಗುಂಡಿ ಒತ್ತಿದೆ. ನನ್ನ ಗ್ರಹಚಾರ, ಬೈಗುಳದ ನಟ್ಟನಡುವೆಯೇ ಬಂದು ನಿಂತಿತ್ತು.

“ಆ ಬೀಗ್ತಿ ತಂದ ಅಂಟಿನುಂಡಿ ನೋಡಿದ್ಯಾ ನನ ಕಂದಾ, ಹುಡುಗ್ರು ಗೋಲಿ ಆಡಬೌದು… ಬಾಯಾಗ ಇರೋವು ನಾಕ್ ಹಲ್ಲು, ನನ್ ಹೋಳಿಗಿ ದಪ್ಪಾತು ಅಂತಾಳ… ಎಲ್ಲಾ ನಮ್ಮ ಕಡೆ ಹೋಲ್ತೀ ನನ ಬಂಗಾರಿ, ಮೂಗೊಂದು ಆಕಿದು ಬಂತಲ್ಲೇ ಪಾಪ…”

ನಿಲ್ಲಿಸಿದರೆ ಕೂಸು ಅಳುತ್ತದೆ, ಕಾಕ ಕಣ್ಣು ಕೆಂಪು ಮಾಡುತ್ತಾನೆ. ಬಿಟ್ಟರೆ ಅಜ್ಜಿ ನಿಲ್ಲುವುದಿಲ್ಲ. ಚಿಗವ್ವ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಬೀಗತಿ ಬಾಯಿ ತೆರೆದಳು. ಕಾಕ ಕೈ ಎತ್ತಿದ. ಅವಳು ಬಾಯಿ ಮುಚ್ಚಿದಳು. ಆಮೇಲೆ ಮೆಲ್ಲಗೆ ಒಂದು ಬೆರಳೆತ್ತಿ ತನ್ನ ಮೂಗು ಮುಟ್ಟಿಕೊಂಡಳು. ಬಗ್ಗಿ ತೊಡೆಯ ಮೇಲಿನ ಕೂಸಿನ ಮೂಗು ನೋಡಿದಳು. ಮತ್ತೆ ತನ್ನದನ್ನು ಮುಟ್ಟಿಕೊಂಡಳು.

ಕಾಕ ಕೆಮ್ಮಿದ. ಬೀಗತಿಯ ಬೆರಳು ಇನ್ನೂ ಮೂಗಿನ ಮೇಲೆಯೇ ಇತ್ತು. ದಡಕ್ಕಿಳಿದು ಹುಣಸೆಮರದ ತನಕ ನಡೆದಮೇಲೆ ಬೀಗತಿ ತಿರುಗಿ ನಿಂತಳು. ನನಗೆ ಅಳು ಬರುವುದೊಂದೇ ಬಾಕಿ.

“ಏ ಹುಡುಗಿ, ಇಲ್ಲಿ ಬಾ. ಆ ಕ್ಯಾಸೆಟ್ಟಿನ ಆ ಕಡಿ ಮಗ್ಗಲು ಖಾಲಿ ಐತೇನು?”

“ಐತ್ರಿ.”

“ಹಂಗಾರ ತಿರುವಿ ಹಚ್ಚು. ನಂದೂ ಎರಡು ಮಾತು ಅದಾವು.”

ಮರದ ಬುಡದಲ್ಲೇ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಅವಳೂ ಜೋಗುಳ ಹಾಡಿದಳು. ನಡುವೆ ಅದೇ ರಾಗದಲ್ಲಿ ಅಜ್ಜಿಗೆ ಉತ್ತರ. “ನಿಮ್ಮಜ್ಜಿ ಹೋಳಿಗಿ ಮನಿಗೆ ಹೊದಿಸಿದ್ರ ಸೋರಂಗಿಲ್ಲ ನನ ಚಿನ್ನಾ… ಈ ಮೂಗು ಇಟ್ಕೊಂಡಾ ನಾನು ನಾಕು ಮಕ್ಕಳ ಬೆಳಸೀನಿ ಅಂತ ಹೇಳು…” ಚಿಗವ್ವ ಮೊದಲು ಹೆದರಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬದುಕಿದೆ ಅನ್ನಿಸಿತು ನನಗೆ.

“ನಿಮ್ಮಜ್ಜಿಗೆ ಕೇಳಿಸು” ಎಂದು ಬೀಗತಿ ಟೇಪ್ ರೆಕಾರ್ಡರನ್ನು ಅವತ್ತೇ ನನ್ನ ಜೊತೆ ವಾಪಸು ಕಳಿಸಿದಳು. ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಹಾಡು ಚೊಲೋ ಹಾಡ್ಯಾಳ, ನಾಲಿಗಿ ಇನ್ನೂ ಚೊಲೋ ಐತಿ” ಎಂದು ಮತ್ತೆ ಹಾಡಲು ಕೂತಳು, ಈ ಸಲ ಡಬ್ಬಿಯ ಮುಂದೆಯೇ. ಮುಂದೆ ಎರಡು ವರ್ಷ ಆ ಡಬ್ಬಿ ದೋಣಿಯಲ್ಲಿ ಓಡಾಡಿತು. ನಡುಹೊಳೆ ಬಂದರೆ ಕಾಕನೇ ಸಣ್ಣಗೆ ಹಚ್ಚುತ್ತಿದ್ದ. ಸಂತೆಗೆ ಹೋಗುವವರು ಉಸಿರು ಬಿಗಿಹಿಡಿದು ಕೇಳಿ, ಅವನು ಕೆಮ್ಮಿದೊಡನೆ ಗೊಳ್ಳೆಂದು ನಗುತ್ತಿದ್ದರು.

ಈಗ ಹೊಳೆ ದಾಟುವುದಕ್ಕೆ ಯಾರೂ ದೋಣಿ ಕೇಳುವುದಿಲ್ಲ. ಕಾಕ ಇಲ್ಲ. ಅಜ್ಜಿ, ಬೀಗತಿ ಇಬ್ಬರೂ ಒಂದೇ ವರ್ಷ ಹೋದರು. ಆ ಕೂಸಿಗೀಗ ತನ್ನದೇ ಕೂಸಿದೆ. “ಅಕ್ಕಾ, ಆ ಕ್ಯಾಸೆಟ್ ನನಗೂ ಬೇಕು” ಎಂದಳು. ಹರಪನಹಳ್ಳಿಯ ಒಂದು ಅಂಗಡಿಯಲ್ಲಿ ಮೊಬೈಲಿಗೆ ಹಾಕಿಸಿದೆ. ಅಂಗಡಿಯ ಹುಡುಗ ಬಹಳ ಮುತುವರ್ಜಿಯವನು.

“ನಡುನಡುವೆ ಏನೋ ಬೈದಾಡಿದ್ದು ಇತ್ರಿ ಅಕ್ಕಾರ. ಎಲ್ಲಾ ತೆಗೆದು ಕ್ಲೀನ್ ಮಾಡೀನಿ. ಬರೀ ಹಾಡು ಐತಿ.”

ಇದನ್ನೇ ಅಲ್ಲವೇ ಚಿಗವ್ವ ನನಗೆ ಮಾಡಲು ಹೇಳಿದ್ದು, ನಾನು ಕುಂಟಾಟಕ್ಕೆ ಓಡಿಹೋಗಿ ಮರೆತದ್ದು. ನಗುತ್ತಲೇ ಕೇಳಿದೆ.

“ತಮ್ಮಾ, ಆ ತೆಗೆದಿದ್ದು ಐತೇನು ಇನ್ನೂ?”

“ಐತ್ರಿ. ಯಾಕ್ರಿ?”

“ಅದನ್ನ ಹಾಕಿಕೊಡು. ಹಾಡು ನಾವು ಯಾರಾದ್ರೂ ಹಾಡ್ತೀವಿ. ಹಂಗ ಬೈಯೋರು ಈಗ ಯಾರೂ ಇಲ್ಲ.”