ಇಸ್ತ್ರಿ ಅಕ್ಕ ಬರೆದ ಪರೀಕ್ಷೆ

ನಮ್ಮ ಬೀದಿಯ ತಿರುವಿನಲ್ಲಿ, ತಗಡಿನ ಮಾಡಿನಡಿ ನಿಂತು, ನಲವತ್ತು ವರ್ಷ ಊರವರ ಸುಕ್ಕು ಬಿಡಿಸಿದವರು ಇಸ್ತ್ರಿ ಅಕ್ಕ. ಯಾರ ಬಟ್ಟೆ, ಎಷ್ಟು, ಯಾವಾಗ ಬೇಕು ಎಂಬುದನ್ನೆಲ್ಲ ಕೇಳಿಸಿಕೊಂಡು, ಪಕ್ಕದಲ್ಲಿ ಕುಳಿತ ಮಗಳಿಗೆ ದಾಟಿಸುವರು. ಮಗಳು ಪುಸ್ತಕದಲ್ಲಿ ಬರೆದುಕೊಳ್ಳುವಳು. ಅಲ್ಲಿಗೆ ಅಕ್ಕನ ತಲೆ ಹಗುರ, ಕೈ ಚುರುಕು.

ಕಳೆದ ತಿಂಗಳು ನನ್ನ ಬಿಳಿ ಅಂಗಿಯ ಬೆನ್ನಿಗೆ ಇಸ್ತ್ರಿ ಪೆಟ್ಟಿಗೆಯ ಮುದ್ರೆ ಬಿತ್ತು. ಅವರನ್ನು ಮಾತಿಗೆಳೆದವನು ನಾನೇ ಎಂದರೂ ಮಗಳು ಕೇಳಲಿಲ್ಲ. ಅಮ್ಮನಿಗೆ ಮರೆವು ಹತ್ತಿದೆ, ಕೆಂಡದ ಜೊತೆ ಆಟವಲ್ಲ, ಆಸ್ಪತ್ರೆಯ ನೆನಪಿನ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಇನ್ನು ಪೆಟ್ಟಿಗೆ ಮುಟ್ಟುವಂತಿಲ್ಲ ಎಂದು ತೀರ್ಪಿತ್ತಳು. ಅಕ್ಕ ತಮ್ಮ ಕಡೆಯ ಸಾಕ್ಷಿಯೆಂದು ನನ್ನನ್ನೂ ಎಳೆದುಕೊಂಡು ಹೋದರು.

ಡಾಕ್ಟರಮ್ಮ ಐದು ಪದ ಹೇಳಿ, ಆಮೇಲೆ ಕೇಳುತ್ತೇನೆ ಎಂದರು. ಅಕ್ಕ ಐದನ್ನೂ ಸ್ಪಷ್ಟವಾಗಿ ಒಪ್ಪಿಸಿ, ಮಗಳ ಕಡೆ ತಲೆಯಾಡಿಸಿ ನಿರಾಳರಾದರು. ಗಡಿಯಾರ ಬರೆಯಿರಿ ಎಂದಾಗ ಪೆನ್ಸಿಲನ್ನು ಸೌಟಿನಂತೆ ಹಿಡಿದು ಒಂದು ಮೊಟ್ಟೆ ಬರೆದರು. ಶಾಲೆಗೆ ಎಷ್ಟು ವರ್ಷ ಹೋಗಿದ್ದಿರಿ ಎಂದರೆ, ಮೂವತ್ತು ವರ್ಷ, ಸೋಮವಾರಕ್ಕೊಮ್ಮೆ, ಮೇಷ್ಟ್ರುಗಳ ಬಟ್ಟೆ ಕೊಡೋಕೆ ಎಂದರು. ಪಕ್ಕದವರಿಗೆ ಉತ್ತರ ಹೇಳಿಕೊಡುವವರನ್ನು ಮೇಷ್ಟ್ರಾಗಿ ಜೀವಮಾನವಿಡೀ ಗದರಿದ ನಾನು, ಅಂದು ನಾನೇ ಹೇಳಿಕೊಟ್ಟುಬಿಡದಂತೆ ತುಟಿ ಕಚ್ಚಿಕೊಂಡು ಕುಳಿತೆ.

"ಈಗ ಆ ಐದು ಪದ ಹೇಳಿ ಅಜ್ಜಿ."

"ಅವಳ ಹತ್ರ ಇದೆ" ಎಂದು ಅಕ್ಕ ಮಗಳನ್ನು ತೋರಿಸಿದರು.

ಕಾಗದದ ಮೇಲೆ ಸೊನ್ನೆ ಬಿತ್ತು. ಪೆಟ್ಟಿಗೆ ಕಸಿಯಲು ಬಂದ ಮಗಳೇ ಆಗ ಕುರ್ಚಿ ಬಿಟ್ಟೆದ್ದಳು.

"ಡಾಕ್ಟ್ರೇ, ನೆನಪಿಟ್ಟುಕೊಳ್ಳೋ ಕೆಲಸ ನಮ್ಮಲ್ಲಿ ನಂದು. ಅಮ್ಮ ಯಾವತ್ತೂ ಹಾಗೇ ಮಾಡಿರೋದು."

ಡಾಕ್ಟರಮ್ಮ ನಕ್ಕು, ಆ ಕಾಗದ ಬದಿಗಿಟ್ಟು, ಓದುಬರಹ ಬಾರದವರಿಗೆಂದೇ ಇರುವ ಇನ್ನೊಂದನ್ನು ತೆಗೆದರು. ಈ ಸಲ ಪೆನ್ಸಿಲ್ ಇರಲಿಲ್ಲ. ಮಗಳನ್ನೂ ನನ್ನನ್ನೂ ಹೊರಗೆ ಕಳಿಸಿದರು. ನಾವಿಬ್ಬರೂ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಹೊಸ ಐದು ಪದಗಳಲ್ಲಿ ನಾಲ್ಕು ಒಂದೊಂದಾಗಿ ಹೊರಬಂದವು.

"ಐದನೇದು?"

"ಬಿದ್ದುಹೋಯ್ತು ಡಾಕ್ಟರಮ್ಮ. ಇಷ್ಟು ದೊಡ್ಡ ಗಂಟಲ್ಲಿ ಒಂದು ಕರ್ಚೀಫು ಹೋದ್ರೆ ಯಾರೂ ಜಗಳಕ್ಕೆ ಬರಲ್ಲ."

ಈ ವಯಸ್ಸಿಗೆ ಇಷ್ಟು ಸಾಕು, ಆರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು ಡಾಕ್ಟರಮ್ಮ.

ದಾರಿಯಲ್ಲಿ ಮಗಳು ಮೆಲ್ಲನೆ ಹೇಳಿದಳು: "ಪೆಟ್ಟಿಗೆ ನಿಂದೇ ಅಮ್ಮ. ಕೆಂಡ ತುಂಬೋದು ಮಾತ್ರ ನಾನು."

"ತುಂಬು. ಬೂದಿನೂ ನೀನೇ ತೆಗಿ" ಎಂದ ಅಕ್ಕ, ಮಧ್ಯಾಹ್ನದ ಗಂಟುಗಳು ಕಾಯುತ್ತಿವೆಯೆಂದು ನಮ್ಮಿಬ್ಬರನ್ನೂ ಹಿಂದೆ ಹಾಕಿ ನಡೆದರು.