ಊರವರ ವೈವಾಕ್ಕೆ ಬಕ್ಲಾವಾ, ತಮ್ಮದಕ್ಕೆ ಕೊನೆಯ ಅಧ್ಯಾಯ ಬಾಕಿ

ಬೆಳಗಿನ ಆಜಾನ್ ಮುಗಿದು, ಕಮರಿಯ ಬಂಡೆಗಳಲ್ಲಿ ಮಲಗಿದ್ದ ಕಾಗೆಗಳು ಎದ್ದು ಗಲಾಟೆ ಶುರು ಮಾಡುವ ಹೊತ್ತು. ಕಾನ್ಸ್ಟಂಟೀನ್ ಪಟ್ಟಣದ ಹಳೆಯ ಸೇತುವೆಯೊಂದರ ಪಕ್ಕದ ಓಣಿ. ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಹಸೀಬಾ ತೋಳು ಮಡಚಿಕೊಂಡು, ತುಪ್ಪ ಹಾಕಿ ತಿಕ್ಕಿದ ರವೆಯ ಕಣಕವನ್ನು ಉದ್ದಕ್ಕೆ ಹೊಸೆದು, ನಡುವೆ ಖರ್ಜೂರದ ಹೂರಣ ಇಟ್ಟು ಮುಚ್ಚುತ್ತಾರೆ. ಮೇಲೆ ಅಚ್ಚು ಒತ್ತಿ, ಓರೆಯಾಗಿ ಕತ್ತರಿಸಿ, ತಟ್ಟೆಗೆ ಜೋಡಿಸಿ ಓವನ್ನಿಗೆ ತಳ್ಳುತ್ತಾರೆ. ಆಮೇಲೆ ಕೈ ತೊಳೆದು, ಒರೆಸಿ, ಗೋಡೆ ಬದಿಯ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆಯುತ್ತಾರೆ. ರವೆ ಒಳಗೆ ಹೋಗದಿರಲೆಂದು ಅದರ ಕೀಲಿಗಳ ಮೇಲೆ ತೆಳು ಪ್ಲಾಸ್ಟಿಕ್ ಹೊದಿಕೆ ಇದೆ.

"ಮಕ್ರೂತ್ ಬೇಯೋವರೆಗೂ ಒಂದು ಪ್ಯಾರಾ. ಅಷ್ಟೇ ನನ್ನ ಲೆಕ್ಕ" ಎನ್ನುತ್ತಾರೆ ಹಸೀಬಾ, ಪರದೆಯಿಂದ ಕಣ್ಣು ತೆಗೆಯದೆ. "ಚೆನ್ನಾಗಿ ಬಂತೋ ಇಲ್ವೋ ಅಂತ ನೋಡಲ್ಲ. ಘಮ ಬಂದ ತಕ್ಷಣ ಏಳ್ಬೇಕು. ವಾಕ್ಯ ಅರ್ಧ ಆಗಿದ್ರೂ ಸರಿ, ಬಿಟ್ಟು ಏಳೋದೇ. ಮುಂದಿನ ತಟ್ಟೆ ಒಳಗೆ ಹೋದಾಗ ಆ ಅರ್ಧ ವಾಕ್ಯ ನನಗೋಸ್ಕರ ಕಾಯ್ತಾ ಇರುತ್ತೆ. ಖಾಲಿ ಹಾಳೆ ಮುಂದೆ ಕೂರೋ ಕಷ್ಟ ತಪ್ಪುತ್ತೆ ನೋಡಿ."

ಇಂದಿನ ಮಕ್ರೂತ್ ಹೋಗುವುದು ವಿಶ್ವವಿದ್ಯಾಲಯಕ್ಕೆ. ಔಷಧಶಾಸ್ತ್ರದ ಹುಡುಗಿಯೊಬ್ಬಳ ಮಹಾಪ್ರಬಂಧದ ವೈವಾ ಇದೆ. ಈ ಊರಿನಲ್ಲಿ ಸಿಹಿ ಇಲ್ಲದ ವೈವಾ ಎಂದರೆ ಬಾಣಸಿಗನಿಲ್ಲದ ಮದುವೆ. ಸಭಾಂಗಣದ ಹಿಂದೆ ಬಿಳಿ ಮೇಜುಬಟ್ಟೆ ಹಾಸಿ, ಬಕ್ಲಾವಾ, ಮಕ್ರೂತ್, ಜೇನು ಮತ್ತು ಅಕ್ರೋಟಿನ ಜೂಝಿಯಾ, ಹಣ್ಣಿನ ರಸ ಎಲ್ಲ ಸಾಲಾಗಿ ಇಡಬೇಕು. ಮುಂದೆ ಅಭ್ಯರ್ಥಿ ಬೆವರುತ್ತ ನಿಂತಿದ್ದರೆ ಹಿಂದೆ ಚಿಕ್ಕಮ್ಮ, ದೊಡ್ಡಮ್ಮ, ಅಜ್ಜಿ, ಪಕ್ಕದ ಮನೆಯವರೆಲ್ಲ ಹಬ್ಬದ ಬಟ್ಟೆಯಲ್ಲಿ ಕೂತಿರುತ್ತಾರೆ. ಪರೀಕ್ಷಕರ ಬಾಯಿಂದ "ಉತ್ತಮ" ಎಂಬ ಮಾತು ಬೀಳುವುದೇ ತಡ, ಹೆಂಗಸರು ನಾಲಗೆ ಹೊರಳಿಸಿ ಯೂಯೂ ಕೂಗು ಹಾಕುತ್ತಾರೆ. ಮಕ್ಕಳ ಪ್ರಬಂಧ ಏನಾಯಿತೆಂದು ಕೇಳದ ತಾಯಂದಿರು ಕೂಡ ತಿಂಗಳು ಮುಂಚೆಯೇ ಬಂದು ಸಿಹಿಗೆ ಹೇಳಿ ಹೋಗುತ್ತಾರೆ.

ಹೇಳಲು ಬರುವುದು ಹಸೀಬಾರ ಬಳಿಗೇ. ಅವರ ಜೇನು ಕೈಗೆ ಅಂಟುವುದಿಲ್ಲ, ಬಕ್ಲಾವಾದ ಪದರ ಎಷ್ಟು ತೆಳುವೆಂದರೆ ಬಾಯಲ್ಲಿಟ್ಟರೆ ಸದ್ದಾಗುತ್ತದೆ. ಕಿತ್ತಳೆ ಹೂವಿನ ನೀರನ್ನು ಅವರು ಚಮಚದಲ್ಲಿ ಅಳೆಯುವುದಿಲ್ಲ, ಬೆರಳು ಅದ್ದಿ ಚಿಮುಕಿಸುತ್ತಾರೆ. ಊರಿನ ಎಷ್ಟೋ ಡಾಕ್ಟರೇಟುಗಳು ಅವರ ತಟ್ಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿವೆ. ಅವರದೇ ಡಾಕ್ಟರೇಟ್ ಮಾತ್ರ ಎಂಟು ವರ್ಷಗಳಿಂದ ಮುಗಿಯದೆ ಫ್ರಿಜ್ಜಿನ ಮೇಲೆ, ಈ ಲ್ಯಾಪ್‌ಟಾಪಿನೊಳಗೆ ಕೂತಿದೆ.

ಹಸೀಬಾರ ತವರು ಔರೆಸ್ ಬೆಟ್ಟದ ಒಂದು ಹಳ್ಳಿ. ಓದಲೆಂದು ಪಟ್ಟಣಕ್ಕೆ ಬಂದು, ಭೂಗೋಳದಲ್ಲಿ ಎಂ.ಎ. ಮುಗಿಸಿ, ಟ್ರಾಮ್ ಓಡಿಸುವ ನಬೀಲ್‌ರನ್ನು ಮದುವೆಯಾಗಿ ಇಲ್ಲೇ ನಿಂತರು. ಪ್ರಬಂಧದ ವಿಷಯ ಬೆಟ್ಟದ ಚಿಲುಮೆಗಳು. ಯಾವ ಚಿಲುಮೆ ಎಲ್ಲಿದೆ, ಯಾರು ಹೂಳೆತ್ತುತ್ತಾರೆ, ಯಾವುದು ಬತ್ತಿತು, ಏಕೆ ಬತ್ತಿತು ಎಂದು ಹಳ್ಳಿ ಹಳ್ಳಿ ಸುತ್ತಿ ಕಲೆಹಾಕಿದ ಕೆಲಸ. ನಾಲ್ಕು ಅಧ್ಯಾಯ ಸರಾಗವಾಗಿ ಮುಗಿದವು. ಅದೇ ವರ್ಷ ನಾದಿನಿಯ ವೈವಾ ಬಂತು. ಮನೆಯವರೆಂದ ಮೇಲೆ ಹಸೀಬಾರೇ ಸಿಹಿ ಮಾಡಿದರು. ತಿಂದವರು ಬಿಡಲಿಲ್ಲ. ಒಂದಾದ ಮೇಲೊಂದು ಬೇಡಿಕೆ ಬಂದು ಅದೇ ಕಸುಬಾಯಿತು.

ಕಸುಬಿನಿಂದ ಮನೆಗೆ ಒಳ್ಳೆಯದೇ ಆಯಿತು. ಕೆಟ್ಟಿದ್ದು ಪ್ರಬಂಧ. ಹೊತ್ತು ಸಾಲದೆ ಕೆಟ್ಟಿತೆಂದು ಜನ ತಿಳಿಯುತ್ತಾರೆ. ಹಸೀಬಾ ತಲೆ ಅಲ್ಲಾಡಿಸುತ್ತಾರೆ.

"ಹೊತ್ತು ಇತ್ತು. ಹೆದರಿಕೆ ಜಾಸ್ತಿ ಆಯ್ತು" ಎನ್ನುತ್ತಾರೆ. "ತಟ್ಟೆ ಜೋಡಿಸಿ ಹಿಂದೆ ನಿಂತಿರ್ತಿದ್ನಲ್ಲ, ಪರೀಕ್ಷಕರು ಕೇಳೋ ಪ್ರಶ್ನೆ ಎಲ್ಲಾ ಕಿವಿಗೆ ಬೀಳೋದು. ಒಬ್ಬರು ಹುಡುಗನ್ನ ಹಿಡಿದು, 'ಪಕ್ಕದ ದೇಶದ ಜೊತೆ ಯಾಕೆ ಹೋಲಿಸಿಲ್ಲ?' ಅಂದ್ರು. ಅವನು ಕಾನೂನು ಓದಿದೋನು. ನಾಳೆ ನನ್ನನ್ನೂ ಇದನ್ನೇ ಕೇಳಿದ್ರೆ? ಮನೆಗೆ ಬಂದೋಳೇ ಟುನೀಶಿಯಾದ ಚಿಲುಮೆಗಳ ಬಗ್ಗೆ ಇಪ್ಪತ್ತು ಪುಟ ಸೇರಿಸಿದೆ."

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಔಷಧಶಾಸ್ತ್ರದವರು ನೀರಿನ ಲವಣದ ಬಗ್ಗೆ ಯಾರನ್ನೋ ಗದರಿದರೆ ಹಸೀಬಾ ಲವಣದ ಪಟ್ಟಿ ಸೇರಿಸಿದರು. ಇತಿಹಾಸದವರು ರೋಮನರ ಕಾಲವನ್ನು ಬಿಟ್ಟಿದ್ದೇಕೆ ಎಂದರೆ ರೋಮನರೂ ಬಂದು ಕೂತರು. ಊರಿನ ಪ್ರತಿ ವೈವಾದಿಂದ ಖಾಲಿ ತಟ್ಟೆಯ ಜೊತೆ ಒಂದು ಹೊಸ ಭಯವೂ ಮನೆಗೆ ಬರುತ್ತಿತ್ತು. ಮೊದಲ ಅಧ್ಯಾಯ ಊದಿಕೊಳ್ಳುತ್ತಲೇ ಹೋಯಿತು, ಐದನೆಯದು ತಲೆಬರಹದಲ್ಲೇ ನಿಂತಿತು. ತಟ್ಟೆ ಹೊತ್ತು ವಿಭಾಗದ ಕಾರಿಡಾರಿನಲ್ಲಿ ಹೋಗುವಾಗ ಮಾರ್ಗದರ್ಶಕ ಪ್ರೊಫೆಸರ್ ಬೆನ್‌ಸಾಸಿ ಎದುರಾದರೆ ಹಸೀಬಾ ತಟ್ಟೆಯನ್ನೇ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

"ಬಕ್ಲಾವಾ ನಡೆದುಕೊಂಡು ಬರ್ತಾ ಇದೆ ಅಂದ್ರೆ ನನಗೆ ಗೊತ್ತಾಗೋದು, ಹಿಂದೆ ನನ್ನ ವಿದ್ಯಾರ್ಥಿನಿ ಇದಾಳೆ ಅಂತ" ಎಂದು ಬೆನ್‌ಸಾಸಿ ನಗುತ್ತಾರೆ. ನಿವೃತ್ತಿಯ ಅಂಚಿನಲ್ಲಿರುವ, ಮೆಲುದನಿಯ ಮನುಷ್ಯ. ಕಳೆದ ಚಳಿಗಾಲದಲ್ಲಿ ಅವರು ತಟ್ಟೆಯನ್ನು ಎರಡೂ ಕೈಯಿಂದ ಇಸಿದುಕೊಂಡು ಬದಿಗಿಟ್ಟು, ಹಸೀಬಾರನ್ನು ಕೂರಿಸಿದರು. ಈ ಬೇಸಿಗೆ ರಜೆಗೆ ಮುಂಚೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದಾಗುತ್ತದೆ, ಇನ್ನು ಗಡುವು ಕೊಡುವುದಿಲ್ಲ ಎಂದು ವಿಭಾಗ ಹೇಳಿಯಾಗಿತ್ತು.

"ನಾನು ಅಳೋಕೆ ಶುರು ಮಾಡಿದೆ. ಇನ್ನೂ ಬೇಕಾದಷ್ಟು ಪ್ರಶ್ನೆಗೆ ಉತ್ತರ ಇಲ್ಲ ಉಸ್ತಾದ್ ಅಂದೆ" ಎಂದು ಹಸೀಬಾ ನೆನೆಯುತ್ತಾರೆ. "ಅವರು ಹೇಳಿದ್ರು, 'ಅಲ್ಲಮ್ಮಾ, ನೀನು ಊರವರ ಪರೀಕ್ಷೆ ಎಲ್ಲಾ ಬರೀತಾ ಇದೀಯಲ್ಲ, ನಿನ್ನದು ಯಾವಾಗ ಬರೆಯೋದು? ಪರೀಕ್ಷಕರಿಗೂ ಕೇಳೋಕೆ ಏನಾದ್ರೂ ಉಳಿಸು. ಎಲ್ಲಾ ನೀನೇ ಬರೆದಿಟ್ರೆ ಪಾಪ ಅವರು ಬಕ್ಲಾವಾ ನೋಡ್ತಾ ಕೂತಿರ್ಬೇಕಾ?' ಅಂತ."

ಬುದ್ಧಿಮಾತು ಕೇಳಿದ ಮಾತ್ರಕ್ಕೆ ಕೈ ಬರೆಯುವುದಿಲ್ಲ. ಮತ್ತೂ ಒಂದು ತಿಂಗಳು ಹಾಗೇ ಸರಿಯಿತು. ಅಷ್ಟರಲ್ಲಿ, ಹಿರಿಯಮ್ಮನೆಂಬ ಗೌರವಕ್ಕೆ ಎಲ್ಲರೂ 'ಲಲ್ಲಾ' ಎಂದು ಕರೆಯುವ ಅತ್ತೆ ಲಲ್ಲಾ ಝೂಲಿಖಾ ತಮ್ಮ ಕೆಲಸ ಮಾಡಿ ಮುಗಿಸಿದ್ದರು. ಗುರುವಾರ ಹೆಂಗಸರ ಸ್ನಾನದ ಹಮ್ಮಾಮಿಗೆ ಹೋದವರು, ಹಬೆಯ ನಡುವೆ ಬೆನ್ನು ತಿಕ್ಕಿಸಿಕೊಳ್ಳುತ್ತ, "ನಮ್ಮ ಸೊಸೆದು ಜೂನ್‌ನಲ್ಲಿ ವೈವಾ. ಎಲ್ಲಾರೂ ಬರ್ಬೇಕು" ಎಂದುಬಿಟ್ಟರು. ಹಮ್ಮಾಮಿನಲ್ಲಿ ಬಾಯಿಬಿಟ್ಟು ಕರೆದ ಮೇಲೆ ಈ ಊರಿನಲ್ಲಿ ಅದು ಕರೆಯೋಲೆಯೇ. ಸಂಜೆಯೊಳಗೆ ಮೂರು ಬೀದಿಯ ಹೆಂಗಸರು ಹಸೀಬಾರಿಗೆ ಫೋನ್ ಮಾಡಿ ಶುಭ ಹಾರೈಸಿದರು.

"ಪ್ರಬಂಧಾನೇ ಮುಗಿದಿಲ್ಲ, ವೈವಾ ಎಲ್ಲಿಂದ ಬಂತು ಲಲ್ಲಾ? ನನ್ನ ಮಾನ ಕಳೆದ್ರಲ್ಲ!" ಎಂದು ಸೊಸೆ ಕೂಗಾಡಿದರೆ ಅತ್ತೆ ತಣ್ಣಗೆ ಬಾದಾಮಿ ಸಿಪ್ಪೆ ಸುಲಿಯುತ್ತ ಕೂತಿದ್ದರಂತೆ.

"ಕಳೆಯೋಕೆ ಇನ್ನೂ ಜೂನ್ ಬಂದಿಲ್ವಲ್ಲ. ಮುಗಿಸು, ಮಾನ ಉಳಿಯುತ್ತೆ" ಎಂದರಂತೆ. ಈಗ ಕೇಳಿದರೂ ಲಲ್ಲಾ ಝೂಲಿಖಾ ಒಂದಿಷ್ಟೂ ಅಳುಕುವುದಿಲ್ಲ. "ಎಂಟು ವರ್ಷದಿಂದ ನೋಡ್ತಿದೀನಿ ಕಣ್ರೀ. ಬೇರೆಯವರ ಮಕ್ಕಳಿಗೆ ಯೂಯೂ ಹಾಕಿ ಹಾಕಿ ನನ್ನ ಗಂಟಲು ಬಿದ್ದೋಯ್ತು. ನನ್ನ ಮನೆ ಹುಡುಗಿಗೆ ಒಂದ್ಸಲ ಹಾಕ್ಬಾರ್ದಾ? ಸತ್ತ ಮೇಲೆ ಹಾಕ್ಲಾ?"

ಸೊಸೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಮಕ್ರೂತ್ ಓವನ್ನಿಗೆ ಹಾಕಿ, ಫ್ರಿಜ್ಜಿನ ಮೇಲಿಂದ ಲ್ಯಾಪ್‌ಟಾಪ್ ಕೆಳಗಿಳಿಸಿದರು.

ಆವತ್ತಿನಿಂದ ಅತ್ತೆ ಸೊಸೆಯ ನಡುವೆ ಎರಡು ಕಟ್ಟಳೆ. ಒಂದು, ತಟ್ಟೆ ಓವನ್ನಿನಲ್ಲಿರುವಷ್ಟು ಹೊತ್ತು ಹಸೀಬಾರನ್ನು ಯಾರೂ ಮಾತಾಡಿಸಬಾರದು. ಲಲ್ಲಾ ಝೂಲಿಖಾ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮಗ ನಬೀಲ್ ಕಾಫಿ ಕೇಳಿದರೂ "ಟ್ರಾಮ್ ಸ್ಟಾಪ್ ಹತ್ರ ಕುಡಿ, ಹೋಗು" ಎಂಬುದೇ ಉತ್ತರ. ಇನ್ನೊಂದು, ವೈವಾದಲ್ಲಿ ತಟ್ಟೆ ಜೋಡಿಸಿದ ಕೂಡಲೇ, ಪ್ರಶ್ನೆಗಳು ಶುರುವಾಗುವ ಮುಂಚೆ, ಸಭಾಂಗಣದಿಂದ ಹೊರಬೀಳಬೇಕು. ಇದನ್ನು ನೋಡಿಕೊಳ್ಳಲು ಲಲ್ಲಾ ಖುದ್ದಾಗಿ ಜೊತೆಗೆ ಹೋಗುತ್ತಾರೆ.

ಇವತ್ತೂ ಹಾಗೆಯೇ. ಔಷಧಶಾಸ್ತ್ರದ ಹುಡುಗಿ ಮಾತು ಮುಗಿಸುತ್ತಾಳೆ. ಮೂವರು ಪರೀಕ್ಷಕರಲ್ಲಿ ಹಿರಿಯರು ಕನ್ನಡಕ ಸರಿಮಾಡಿಕೊಂಡು "ನನ್ನ ಮೊದಲ ಪ್ರಶ್ನೆ" ಎನ್ನುತ್ತಾರೆ. ಹಸೀಬಾರ ಕುತ್ತಿಗೆ ತಾನಾಗಿಯೇ ಆ ಕಡೆ ಚಾಚುತ್ತದೆ. ಲಲ್ಲಾ ಝೂಲಿಖಾ ತೋಳು ಹಿಡಿದು ಎಳೆಯುತ್ತಾರೆ.

"ಒಂದೇ ಒಂದು ಪ್ರಶ್ನೆ ಕೇಳಿಸಿಕೊಂಡು ಬರ್ತೀನಿ ಲಲ್ಲಾ."

"ಬಾರೇ ಸುಮ್ನೆ. ಆ ಪ್ರಶ್ನೆ ಅವಳ್ದು. ನಿಂಗ್ಯಾಕೆ?"

ಹೊರಗೆ ಮೆಟ್ಟಿಲ ಮೇಲೆ ಕೂತು ಇಬ್ಬರೂ ಉಳಿದ ಚೂರು ಮಕ್ರೂತ್ ತಿನ್ನುತ್ತಾರೆ. ಅಳುಕನ್ನು ನುಂಗುವುದು ಹಸೀಬಾರಿಗೆ ಇನ್ನೂ ಸುಲಭವಾಗಿಲ್ಲ, ಕಾಲು ಒಳಕ್ಕೆ ಹೋಗಲು ತುಡಿಯುತ್ತಲೇ ಇರುತ್ತದೆ. ಆದರೆ ಈ ವಸಂತದಲ್ಲಿ ಮೊದಲ ಅಧ್ಯಾಯಕ್ಕೆ ಒಂದು ಸಾಲೂ ಸೇರಿಲ್ಲ. ಟುನೀಶಿಯಾ ಹೋಯಿತು, ಲವಣದ ಪಟ್ಟಿ ಹೋಯಿತು, ರೋಮನರನ್ನೂ ಹೊರಗೆ ಕಳಿಸಿದ್ದಾಯಿತು. ಅಳಿಸಿದ ಮೇಲೆ ಒಳ್ಳೆಯ ನಿದ್ದೆ ಬಂತೆಂದು ಹೇಳುತ್ತಾರೆ.

ಉಳಿದದ್ದು ಐದನೆಯ ಅಧ್ಯಾಯ. ಅದರಲ್ಲಿ ಒಂದು ಮುಳ್ಳಿತ್ತು. ತವರಿನ ಚಿಲುಮೆ ಐನ್ ಹನೂನಾ. ಹಸೀಬಾರ ಅಜ್ಜಿ ನೀರು ತಂದ, ತಾಯಿ ಉಣ್ಣೆ ತೊಳೆದ, ಅವರೇ ಹುಡುಗಿಯಾಗಿದ್ದಾಗ ಕಾಲು ಇಳಿಬಿಟ್ಟು ಕೂತ ಚಿಲುಮೆ. ಬತ್ತಿಹೋಗಿದೆ. ಬೇರೆ ಚಿಲುಮೆಗಳು ಬತ್ತಿದ್ದಕ್ಕೆಲ್ಲ ಕಾರಣ ಸಿಕ್ಕಿತು: ಕೊಳವೆಬಾವಿ, ಕಲ್ಲುಗಣಿ, ಕಡಿದ ಕಾಡು. ಇದರ ಹತ್ತಿರ ಗಣಿಯಿಲ್ಲ, ಬಾವಿಯಿಲ್ಲ. ಮೇಲಿನ ಓಕ್ ಮರಗಳು ಹಾಗೇ ಇವೆ. ನೀರು ಮಾತ್ರ ಇಲ್ಲ. ಎಷ್ಟು ಸಲ ಹೋಗಿ ನೋಡಿದರೂ, ಯಾರನ್ನು ಕೇಳಿದರೂ ಕಾರಣ ಸಿಗಲಿಲ್ಲ. ತಮ್ಮದೇ ತವರಿನ ಚಿಲುಮೆಯ ಬಗ್ಗೆ ಉತ್ತರವಿಲ್ಲವೆಂದರೆ ಪರೀಕ್ಷಕರು ಬಿಡುತ್ತಾರೆಯೇ? ಅದನ್ನು ಅಧ್ಯಾಯದಿಂದ ಕೈಬಿಡಲು ಮನಸ್ಸು ಒಪ್ಪಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ.

ಔಷಧಶಾಸ್ತ್ರದ ಆ ವೈವಾ ಕಳೆದು ಕೆಲವು ವಾರಕ್ಕೆ, ಮೇ ತಿಂಗಳ ಒಂದು ಮುಂಜಾನೆ, ಕೊನೆಯ ತಟ್ಟೆ ಓವನ್ನಿನಲ್ಲಿದ್ದಾಗ, ಹಸೀಬಾ ಆ ಸಾಲು ಬರೆದರು: ಐನ್ ಹನೂನಾ ಏಕೆ ಬತ್ತಿತೆಂದು ಈ ಅಧ್ಯಯನಕ್ಕೆ ತಿಳಿದುಬಂದಿಲ್ಲ. ಬರೆದು ಅದನ್ನೇ ನೋಡುತ್ತ ಕೂತರು. ಮಕ್ರೂತ್ ಘಮ ಬಂತು, ಅದು ಸೀದ ವಾಸನೆಯೂ ಆಯಿತು, ಅವರು ಏಳಲಿಲ್ಲ. ಲಲ್ಲಾ ಝೂಲಿಖಾ ಬಂದು ನೋಡಿದರೆ ಸೊಸೆ ಅಳುತ್ತಿದ್ದಾರೆ, ಒಂದು ತಟ್ಟೆ ಮಕ್ರೂತ್ ಕರಕಲಾಗಿದೆ.

"ನಾನು ಬಯ್ಲಿಲ್ಲ" ಎನ್ನುತ್ತಾರೆ ಲಲ್ಲಾ. "ತಟ್ಟೆ ತೆಗೆದು, ಕಿಟಕಿ ತೆರೆದು, ಇವಳ ತಲೆ ಸವರ್ತಾ ನಿಂತೆ. ಏನಾಯ್ತು ಅಂದೆ. ಮುಗೀತು ಲಲ್ಲಾ ಅಂದ್ಲು. ನನಗೆ ಮೊದಲು ಅನ್ಸಿದ್ದು ಇವಳು ಮಕ್ರೂತ್ ಬಗ್ಗೆ ಹೇಳ್ತಿದಾಳೆ ಅಂತ."

ಈಗ ಪ್ರಬಂಧ ಸಲ್ಲಿಕೆಯಾಗಿದೆ. ಬೆನ್‌ಸಾಸಿ ಇಡೀ ಪ್ರಬಂಧ ಓದಿ, ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು, ಏನೂ ಬರೆಯದೆ ಹಿಂದಕ್ಕೆ ಕೊಟ್ಟರು. ಜೂನ್ ಕೊನೆಗೆ ವೈವಾ ನಿಗದಿಯಾಗಿದೆ. ಹಮ್ಮಾಮಿನಲ್ಲಿ ಹೇಳಿದ ಮಾತು ಸುಳ್ಳಾಗಲಿಲ್ಲವೆಂದು ಲಲ್ಲಾ ಓಣಿಯಲ್ಲಿ ತಲೆಯೆತ್ತಿ ಓಡಾಡುತ್ತಿದ್ದಾರೆ. ಸಿಹಿಯ ವಿಷಯಕ್ಕೆ ಓಣಿಯ ಹೆಂಗಸರ ನಡುವೆ ಜಗಳವೇ ನಡೆದು, ಕಡೆಗೆ ಬಕ್ಲಾವಾ ನಾದಿನಿಗೆ, ಜೂಝಿಯಾ ಕೆಳಮನೆಯವರಿಗೆ ಎಂದು ಹಂಚಿಕೆಯಾಗಿದೆ. ಹಸೀಬಾ ರವೆಯ ಚೀಲಕ್ಕೆ ಕೈ ಹಾಕಕೂಡದೆಂದು ಎಲ್ಲರ ಅಪ್ಪಣೆ.

ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಸೀಬಾ ಸ್ಟೂಲಿನ ಮೇಲೆ ಕೂತು ಏಪ್ರನ್ನಿನ ಅಂಚು ಮಡಚುತ್ತಾರೆ, ಬಿಡಿಸುತ್ತಾರೆ. ವೈವಾ ದಿನದ ಬಗ್ಗೆ ಏನು ಆಸೆ ಎಂದು ಕೇಳಿದರೆ ಆ ಅಂಚು ಕೈಬಿಡುತ್ತಾರೆ.

"ಐನ್ ಹನೂನಾ ಬಗ್ಗೆ ಕೇಳ್ಬೇಕು ಅವರು" ಎನ್ನುತ್ತಾರೆ. "ಕೇಳೇ ಕೇಳ್ತಾರೆ. ಅಷ್ಟು ಜನ ಕೂತಿರ್ತಾರಲ್ಲ, ಅತ್ತೆ, ನಬೀಲ್, ಊರಿಂದ ನಮ್ಮಮ್ಮ. ಅವರೆಲ್ಲರ ಮುಂದೆ, ತಲೆ ತಗ್ಗಿಸದೆ, ನನಗೆ ಗೊತ್ತಿಲ್ಲ ಉಸ್ತಾದ್ ಅನ್ಬೇಕು. ಹುಡುಕಿದೆ, ಸಿಗ್ಲಿಲ್ಲ. ನನ್ನ ಹಿಂದೆ ಬರೋರಿಗೆ ಆ ಕೆಲಸ ಉಳಿಸಿದೀನಿ ಅನ್ಬೇಕು."