ಎಡಗೈಯ ಕಟ್ಟು

ಆಗೆಲ್ಲ ಗುಡೂರಿನಲ್ಲಿ ಬೇಸಿಗೆ ರಜೆ ಎಂದರೆ ಮಾಳಿಗೆಯ ಮೇಲೆ ಒಣಗುವ ಶಾವಿಗೆಯ ವಾಸನೆ, ಕಟ್ಟೆಯ ಮೇಲೆ ಗಜಗದಾಟ. ಹಸಿ ಶಾವಿಗೆ ಕದ್ದು ತಿಂದು ಬೈಸಿಕೊಳ್ಳುತ್ತಿದ್ದೆವು. ನೀವೂ ತಿಂದಿರುತ್ತೀರಿ, ಸುಮ್ಮನೆ ಒಪ್ಪಿಕೊಳ್ಳಿ. ಅವ್ವ ಮಾತ್ರ ಸ್ನಾನ ಮಾಡಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜಿಸುವವರೆಗೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ.

ನಾನು ಐದನೆಯ ಇಯತ್ತೆ ಮುಗಿಸಿದ ಆ ಬೇಸಿಗೆಯಲ್ಲಿ, ಶಾವಿಗೆ ಹೊಸೆಯುತ್ತಿದ್ದ ಅವ್ವ ಹೊಟ್ಟೆ ಹಿಡಿದುಕೊಂಡು ಅಲ್ಲೇ ಬಿದ್ದಳು. ಅಪ್ಪ ಜೀಪು ಮಾಡಿಸಿ ಬಾಗಲಕೋಟೆಯ ದವಾಖಾನೆಗೆ ಒಯ್ದ. ಅಪೆಂಡಿಕ್ಸ್ ಒಡೆಯುವ ಹಾಗಿದೆ, ಈಗಲೇ ಆಪರೇಷನ್ ಆಗಬೇಕು ಎಂದರು.

ಸಿಸ್ಟರ್ ಬಂದು ತಾಳಿ, ಬಳೆ, ಮೂಗುಬೊಟ್ಟು ಎಲ್ಲ ತೆಗೆಸಿದಳು. ಕರಡಿಗೆಗೆ ಕೈ ಹಾಕಿದಾಗ ಅವ್ವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇದೊಂದು ಬಿಟ್ಟು ಏನರ ತಕ್ಕೋರಿ."

"ಬೆಳ್ಳಿ ಮೈಮ್ಯಾಲ ನಡ್ಯೂದಿಲ್ರಿ. ಒಳಗ ಮಶೀನ್ ಹಚ್ತಾರ, ಸುಡ್ತೈತಿ."

ಅಪ್ಪನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಹಟಾ ಮಾಡಬ್ಯಾಡ. ಸ್ವಲ್ಪ ಹೊತ್ತಿನ ಮಾತು. ನಾ ಇಟ್ಕೊಂಡಿರ್ತೇನಿ."

"ಜೀವ ಇರೂತನಕ ಮೈಮ್ಯಾಲ ಇರ್ಲಿ ಅಂತ ಗುರುಗಳು ಕಟ್ಟ್ಯಾರ," ನೋವಿನಲ್ಲಿ ಅವ್ವನ ಮಾತು ತುಂಡಾಗುತ್ತಿತ್ತು. "ಇದನ್ನ ತಗದ ಮ್ಯಾಲ ನೀವು ಉಳಿಸೂದು ಯಾರನ್ನ?"

ಅಪ್ಪ ಬೈದ, ಆಮೇಲೆ ಕೈಮುಗಿದ. ಅವ್ವನ ತುಟಿ ಬೆಳ್ಳಗಾಗುತ್ತಿತ್ತು. ನನಗೆ ಆ ಕರಡಿಗೆಯ ಮೇಲೆಯೇ ಸಿಟ್ಟು ಬಂತು. ಅದರೊಳಗಿನ ದೇವರಿಗೆ ನನ್ನ ಅವ್ವ ಬೇಕೋ ಬೇಡವೋ ಎಂದು ಮನಸ್ಸಿನಲ್ಲೇ ಜಗಳ ತೆಗೆದೆ.

ಡಾಕ್ಟರಮ್ಮ ಒಳಗಿನಿಂದ ಸಿಡುಕುತ್ತಲೇ ಬಂದರು. ಅವ್ವನ ಮುಷ್ಟಿ ನೋಡಿ ದನಿ ಇಳಿಸಿದರು.

"ಪೂಜಾ ಮಾಡೂವಾಗ ಎಲ್ಲಿ ಇಟ್ಕೋತೀಯವ್ವಾ?"

ಅವ್ವ ಎಡಗೈ ಚಾಚಿದಳು.

"ಹಂಗಾರ ಅಲ್ಲೇ ಇರ್ಲಿ. ಬೆಳ್ಳಿ ಅಷ್ಟ ಹೊರಗ ಕೊಡು. ಸಿಸ್ಟರ್, ಸಲಾಯಿನ್ ಬಲಗೈಗೆ ಹಚ್ಚು."

ಲಿಂಗವನ್ನು ಅಂಗೈಯಲ್ಲಿಟ್ಟು, ಬೆರಳು ಮಡಚಿಸಿ, ಮೇಲೆ ಬ್ಯಾಂಡೇಜು ಸುತ್ತಿದರು. ಖಾಲಿ ಕರಡಿಗೆಯನ್ನು ಅವ್ವ ನನ್ನ ಕೈಗೆ ಕೊಟ್ಟಳು. "ನೆಲಕ್ಕ ಇಡಬ್ಯಾಡ ಮತ್ತ," ಎಂದಳು.

ಬಾಗಿಲು ಮುಚ್ಚಿತು. ಅಪ್ಪ ಹೋಟೆಲಿನಿಂದ ಇಡ್ಲಿ ತಂದ, ನಾನು ತಿನ್ನಲಿಲ್ಲ. ನೀರು ಕೊಟ್ಟ, ಕುಡಿಯಲಿಲ್ಲ. ಕರಡಿಗೆಯಲ್ಲಿ ವಿಭೂತಿಯ ವಾಸನೆ ಇತ್ತು. ಅದನ್ನು ಮೂಗಿಗೆ ಹಿಡಿದುಕೊಂಡು ಕೂತಿದ್ದೆ. ಕೆಳಗಿಟ್ಟರೆ ಒಳಗೆ ಅವ್ವ ಸಾಯುತ್ತಾಳೆ ಎಂದೇ ನಂಬಿದ್ದೆ.

ಸ್ಟ್ರೆಚರ್ ಹೊರಬಂದಾಗ ನಾನು ಮೊದಲು ನೋಡಿದ್ದು ಅವ್ವನ ಮುಖವನ್ನಲ್ಲ, ಎಡಗೈಯ ಕಟ್ಟನ್ನು. ಹಾಗೆಯೇ ಇತ್ತು. ಆಮೇಲೆ ಅವ್ವ ಉಸಿರಾಡುವುದು ಕಂಡಿತು, ಜೋರಾಗಿ ಅತ್ತೆ.

ಈಗ ಅವ್ವನಿಗೆ ವಯಸ್ಸಾಗಿದೆ. ಮೊಬೈಲಿನಲ್ಲಿ ಮೊಮ್ಮಕ್ಕಳ ಮುಖ ನೋಡುತ್ತಾಳೆ, ಪೂಜೆ ಆಗುವವರೆಗೆ ನೀರು ಮುಟ್ಟುವುದಿಲ್ಲ. ನನಗೆ ಕಟ್ಟಿದ್ದ ಇಷ್ಟಲಿಂಗ ನಾನು ಹಾಸ್ಟೆಲಿಗೆ ಹೋದಾಗಿನಿಂದ ತವರಿನ ದೇವರ ಜಗಲಿಯ ಮೇಲಿದೆ. ಅವ್ವ ಏನೂ ಕೇಳಿಲ್ಲ, ತನ್ನದರ ಜೊತೆ ಅದಕ್ಕೂ ವಿಭೂತಿ ಹಚ್ಚುತ್ತಾಳೆ.

ಹೋದ ವರ್ಷ ನನ್ನದೇ ಆಪರೇಷನ್ನು. ಓಲೆ, ಬಳೆ, ಫೋನು ಎಲ್ಲ ಕೊಟ್ಟೆ. ಕೊಡುವುದು ತಕರಾರಿಲ್ಲದೆ ಮುಗಿಯಿತು. ದೀಪದ ಕೆಳಗೆ ಮಲಗಿಸಿದಾಗ ಸಿಸ್ಟರ್ ನನ್ನ ಎಡಗೈ ಹಿಡಿದಳು.

"ಕೈಯಾಗ ಏನ್ ಹಿಡಕೊಂಡೀರಿ? ಬಿಚ್ಚರಿ."

ಮುಷ್ಟಿ ಕಟ್ಟಿದ್ದು ನನಗೇ ಗೊತ್ತಿರಲಿಲ್ಲ. ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ, ಆಗ ನನಗೆ ಭಯವಾಯಿತು.